ನಾಯಿಮರಿ ಹೊಲಸು ಮಾಡಿದ ಜಮಖಾನ

ನಾನು ಒಂದು ಜಮಖಾನ. ಚಾಪೆ ಅಲ್ಲ, ಚಾದರ ಅಲ್ಲ, ಬಾಗಿಲಲ್ಲಿ ಬಿದ್ದಿರುವ ಕಾಲೊರಸು ಅಂತೂ ಅಲ್ಲವೇ ಅಲ್ಲ. ಹುಟ್ಟಿದ್ದು ನವಲಗುಂದದಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನೀವು ಕೇಳಲಿರುವ ಸಂಗತಿಗಳು ಇಂಥ ಮನೆತನದ ವಸ್ತುವಿಗೆ ಆಗಬಾರದಂಥವು.

ನನ್ನನ್ನು ನೇಯ್ದವಳು ಜೈತೂನಬಿ. ಗೋಡೆಗೆ ನಿಲ್ಲಿಸಿದ ಮಗ್ಗದ ಮುಂದೆ ಹಲಗೆಯ ಮೇಲೆ ಕೂತು, ಎಳೆ ಹಾಕಿ, ಕಬ್ಬಿಣದ ಪಂಜದಿಂದ ಬಡಿಬಡಿದು ನನ್ನನ್ನು ಕಟ್ಟಿದಳು. ಆ ಏಟು ತಿಂದ ಮೈ ಇದು, ಸುಮ್ಮನೆ ಹರಿಯುವುದಿಲ್ಲ. ನಾಲ್ಕು ಮೂಲೆಗೆ ನಾಲ್ಕು ನವಿಲು, ನಡುವೆ ಪಗಡೆ ಹಾಸು, ಸುತ್ತ ಕೆಂಪು ಅಂಚು. ಅವಳ ಸೊಸೆ ಒಂದು ನವಿಲಿನ ಕೊಕ್ಕನ್ನು ಸೊಟ್ಟ ಮಾಡಿದಾಗ ಜೈತೂನಬಿ ಅಷ್ಟನ್ನೂ ಬಿಚ್ಚಿಸಿದಳು. "ಇದರ ಮ್ಯಾಲೆ ಬೀಗರು ಕುಂದರ್ತಾರ. ಸೊಟ್ಟ ಮಾರಿ ನೋಡ್ಕೋಂತ ಕುಂದರಬೇಕೇನು ಅವರು?" ಎಂದಳು. ಅಂಥ ಹೆಂಗಸು ಅವಳು. ಅವಳ ನಂತರ ನನ್ನ ಯೋಗ್ಯತೆ ತಿಳಿದವರನ್ನು ನಾನು ಕಂಡಿಲ್ಲ.

ನನ್ನನ್ನು ಕೊಂಡವಳು ಅಣ್ಣಿಗೇರಿಯ ನೀಲವ್ವ. ಅವಳಿಗೆ ಇಬ್ಬರು ಮಕ್ಕಳು. ದೊಡ್ಡವನು ಚನ್ನವೀರ, ಸಣ್ಣವಳು ಸುಲೋಚನಾ. ಸುಲೋಚನಾಳನ್ನು ನೋಡಲು ವರನ ಕಡೆಯವರು ಬಂದಾಗಲೆಲ್ಲ ನೀಲವ್ವ ನನ್ನನ್ನು ಪಡಸಾಲೆಯಲ್ಲಿ ಹಾಸುತ್ತಿದ್ದಳು. ಆ ಮಂದಿಯನ್ನು ಎಲ್ಲರೂ ಎದುರಿನಿಂದ ನೋಡಿದರು, ನಾನು ಕೆಳಗಿನಿಂದ ನೋಡಿದೆ. ಮೇಲೆ ಇಸ್ತ್ರಿ ಮಾಡಿದ ಧೋತರ, ಕೆಳಗೆ ಒಡೆದ ಹಿಮ್ಮಡಿ. ಶಿರಾ ತಿಂದ ಕೈಯನ್ನು ಯಾರಿಗೂ ಕಾಣದ ಹಾಗೆ ನನ್ನ ಅಂಚಿಗೆ ಒರೆಸಿದ ದೊಡ್ಡ ಮನುಷ್ಯರನ್ನು ನಾನು ಬಲ್ಲೆ. ಹುಡುಗಿಗೆ ಹಾಡು ಬರುತ್ತದೆಯೇ, ಕೂದಲು ಸ್ವಂತದ್ದೇ, ಸ್ವಲ್ಪ ನಡೆದು ತೋರಿಸಲಿ ಎನ್ನುತ್ತಿದ್ದರು. ಎಮ್ಮೆ ಕೊಳ್ಳುವವನೂ ಅಷ್ಟು ಕೇಳುವುದಿಲ್ಲ. ಕೊನೆಗೆ ಬಂದ ಮುದುಕನೊಬ್ಬ, "ಮದುವಿ ಆದ ಮ್ಯಾಲೆ ನೌಕರಿ ಬಿಡ್ತಾಳಲ್ರೀ?" ಎಂದು ಕೇಳಿದ. ಚಹಾದ ತಟ್ಟೆ ಹಿಡಿದು ನಿಂತಿದ್ದ ಸುಲೋಚನಾ, "ಬಿಡಂಗಿಲ್ರೀ" ಎಂದಳು. ಮುದುಕ ಎದ್ದುಹೋದ. ಅವನ ಹಿಂದೆ ಮತ್ತೆ ಯಾರೂ ಬರಲಿಲ್ಲ.

ನೀಲವ್ವ ತೀರಿಕೊಂಡ ಮೇಲೆ ಚನ್ನವೀರ ಮನೆ ಇಟ್ಟುಕೊಂಡ, ಹೊಲ ಇಟ್ಟುಕೊಂಡ, ತಾಮ್ರದ ಹಂಡೆ ಕೂಡ ಇಟ್ಟುಕೊಂಡ. ನನ್ನನ್ನು ಮಾತ್ರ ತಂಗಿಯ ಕೈಗೆ ಕೊಟ್ಟು, "ಅವ್ವನ ನೆನಪಿಗೆ ಇರಲಿ" ಎಂದ. ಆ ಔದಾರ್ಯಕ್ಕೆ ಅವನಿಗೇ ಕಣ್ಣಲ್ಲಿ ನೀರು ಬಂತು. ಕೊಡುಗೈ ಕರ್ಣ!

ಹೀಗೆ ನಾನು ಧಾರವಾಡಕ್ಕೆ ಬಂದೆ. ಸುಲೋಚನಾ ಅಲ್ಲಿ ಒಂದು ಖಾಸಗಿ ದವಾಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಊರ ಮಂದಿಯ ರಕ್ತ ತೆಗೆಯುವುದು, ಊರ ಮಂದಿಯ ಮೂತ್ರ ಪರೀಕ್ಷೆ ಮಾಡುವುದು. ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಬಾಡಿಗೆ ಮನೆ ಮೊದಲ ಮಹಡಿಯಲ್ಲಿತ್ತು. ಕೆಳಗೆ ಮನೆಯೊಡತಿ ತುಂಗಾಬಾಯಿ. ಓಣಿಯವರೆಲ್ಲ ಕಾಕು ಎನ್ನುತ್ತಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಈಗ ಶಾಲೆ ಇಲ್ಲದ್ದರಿಂದ ಓಣಿಯನ್ನೇ ಶಾಲೆ ಮಾಡಿಕೊಂಡಿದ್ದರು. ಬೆಳಿಗ್ಗೆ ಝಳಕ, ಮಡಿ ಸೀರೆ, ಅಂಗಳದ ತುಳಸಿಗೆ ನೀರು, ದೇವರ ಪೂಜೆ, ಮಡಿಯಲ್ಲೇ ಅಡುಗೆ. ಊಟ ಆಗುವ ತನಕ ಯಾರೂ ಅವರನ್ನು ಮುಟ್ಟುವಂತಿಲ್ಲ. ಸುಲೋಚನಾ ಬಾಡಿಗೆ ಕೊಡುವಾಗಲೂ ಮೆಟ್ಟಿಲ ಮೇಲೆ ಇಡಬೇಕು, ಅವರು ಆಮೇಲೆ ಎತ್ತಿಕೊಳ್ಳಬೇಕು. ಇದೆಲ್ಲ ನನಗೆ ಹಿಡಿಸಿತ್ತು. ಲೋಕದಲ್ಲಿ ಇನ್ನೂ ಸ್ವಲ್ಪ ಶಿಸ್ತು ಉಳಿದಿದೆ ಎಂದುಕೊಂಡಿದ್ದೆ.

ಆಗ ಬಂತು ಆ ಪ್ರಾಣಿ.

ದವಾಖಾನೆಯ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಅದರ ತಾಯಿ ಯಾವುದೋ ಟೆಂಪೋದ ಅಡಿಗೆ ಸಿಕ್ಕಿ ಸತ್ತಿತ್ತಂತೆ. ಮರಿ ಸುಲೋಚನಾಳ ಸ್ಕೂಟಿಯ ಕಾಲಿಡುವ ಜಾಗದಲ್ಲಿ ಹೋಗಿ ಮಲಗಿತ್ತಂತೆ. ಎಬ್ಬಿಸಿ ಕಳಿಸುವ ಬದಲು ಇವಳು ಊಟದ ಚೀಲದಲ್ಲಿ ಹಾಕಿಕೊಂಡು ಬಂದಳು. ಕಂದು ಬಣ್ಣದ ಬೀದಿ ನಾಯಿ, ಅದೂ ಹೆಣ್ಣು. ಹಣೆಯ ಮೇಲೆ ಬಿಳಿ ಚುಕ್ಕೆ ಇತ್ತೆಂದು ಚಿಕ್ಕಿ ಎಂದು ಹೆಸರಿಟ್ಟಳು. ತಂದವಳೇ ಅದನ್ನು ನನ್ನ ಮೇಲೆ ಇಳಿಸಿದಳು. ಅದು ಮೂಸಿತು, ಒಂದು ಸುತ್ತು ತಿರುಗಿತು, ಸೊಂಟ ತಗ್ಗಿಸಿತು. ಪಗಡೆ ಹಾಸಿನ ನಟ್ಟನಡುವೆ. ಬೆಚ್ಚಗೆ. ಶಿವ ಶಿವ.

"ಅಯ್ಯ ಕೂಸ, ಹೆದರೇತಿ ಪಾಪ" ಎಂದಳು ಸುಲೋಚನಾ. ನನ್ನ ಬಗ್ಗೆ ಒಂದು ಮಾತಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಶನಿ. ಇವಳಿಗೆ ನಾಯಿ ಸಾಕಿ ಗೊತ್ತಿಲ್ಲ, ನಾಯಿಗೆ ಮನೆ ಎಂದರೇನು ಗೊತ್ತಿಲ್ಲ. ಕುರುಡನ ಕೈ ಹಿಡಿದು ಕುರುಡ ಹೊಂಟ ಹಾಗೆ. ಮುಂಜಾನೆ ಎದ್ದು ಬೀದಿಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಅದು ಕಾಗದ ಮೂಸುತ್ತದೆ, ಕಲ್ಲು ಮೂಸುತ್ತದೆ, ಹೋಗುವವರ ಪೈಜಾಮಾ ಜಗ್ಗುತ್ತದೆ, ಮಾಡಬೇಕಾದ್ದೊಂದನ್ನು ಬಿಟ್ಟು. ಗಡಿಯಾರ ನೋಡಿ ನೋಡಿ ಇವಳು ಸೋತು ಒಳಗೆ ಕರೆತಂದು ಕುತ್ತಿಗೆಯ ಹಗ್ಗ ಬಿಚ್ಚಿದ ತಕ್ಷಣ ಅದು ಓಡಿಬಂದು ನನ್ನ ಮೇಲೆ ಹಗುರಾಗುತ್ತದೆ. ಇಡೀ ಧಾರವಾಡದಲ್ಲಿ ಅದಕ್ಕೆ ಬೇರೆ ಜಾಗವೇ ಸಿಗಲಿಲ್ಲ. ದಿನವಿಡೀ ಮಂದಿಯ ಮೂತ್ರ ನೋಡಿ ಬಂದವಳು ಸಂಜೆ ಮನೆಗೆ ಬಂದು ನಾಯಿಯದ್ದನ್ನು ಒರೆಸುತ್ತ ಕೂರುತ್ತಿದ್ದಳು. ಓದಿದ್ದಕ್ಕೆ ಸಾರ್ಥಕವಾಯಿತು.

ಸಲಹೆ ಕೊಡುವವರಿಗೆ ಬರಗಾಲವೇ? ಲ್ಯಾಬಿನ ಒಬ್ಬಾಕೆ, ತಪ್ಪು ಮಾಡಿದ ಜಾಗಕ್ಕೆ ಮೂತಿ ತಿಕ್ಕು ಎಂದಳಂತೆ. ಸುಲೋಚನಾ ಒಂದು ಸಲ ಹಾಗೆ ಮಾಡಿ, ಆಮೇಲೆ ತಾನೇ ಅಳುತ್ತ ಅದರ ಮೂತಿ ತೊಳೆದಳು. ಇನ್ನೊಬ್ಬರು ಹಳೇ ಪೇಪರ್ ಹಾಸು ಎಂದರು. ಆ ನಾಯಿ ಪೇಪರನ್ನು ಚೂರುಚೂರು ಮಾಡಿ, ಆ ಚೂರುಗಳನ್ನೆಲ್ಲ ದಾಟಿ ಬಂದು, ಮತ್ತೆ ನನ್ನ ಮೇಲೆಯೇ ಕೂತಿತು. ನನ್ನನ್ನು ಸುತ್ತಿ ಮೂಲೆಗಿಟ್ಟು ನೋಡಿದಳು. ನುಣುಪು ಫರಸಿ ನೆಲದ ಮೇಲೆ ಅದರ ಕಾಲು ನಿಲ್ಲದೆ ಜಾರಿ ಜಾರಿ ಬಿದ್ದು, ಊರು ಕೇಳುವಂತೆ ಅತ್ತಿತು. ಇವಳು ಮತ್ತೆ ನನ್ನನ್ನು ಬಿಡಿಸಿ ಹಾಸಿದಳು. ಅಲ್ಲಿಗೆ ಮುಗಿಯಿತು.

ಮತ್ತೆ ತೊಳೆಯುವ ಜಂಬ ಬೇರೆ. ಫಿನೈಲ್ ಸುರಿಯುವುದು, ಲ್ಯಾಬಿನಿಂದ ತಂದ ಸ್ಪಿರಿಟ್ ಒರೆಸುವುದು. "ಒಂದು ಕ್ರಿಮಿ ಉಳದಿರಂಗಿಲ್ಲ" ಎಂದು ತನಗೆ ತಾನೇ ಹೇಳಿಕೊಳ್ಳುವುದು. ತನ್ನ ಮೂಗಿಗೆ ವಾಸನೆ ಬರದಿದ್ದರೆ ಲೋಕದ ಯಾವ ಮೂಗಿಗೂ ಬರುವುದಿಲ್ಲ ಎಂದು ಅವಳ ನಂಬಿಕೆ. ನಾಯಿ ಬಂದು ಅದೇ ಪಗಡೆ ಹಾಸನ್ನು ಮೂಸುತ್ತಿತ್ತು, ಹಳೆಯ ಗುರುತು ಸಿಕ್ಕಿದ ಹಾಗೆ ಸೊಂಟ ತಗ್ಗಿಸುತ್ತಿತ್ತು.

ಮೊದಮೊದಲು ಮಧ್ಯಾಹ್ನ ಊಟದ ಹೊತ್ತಿಗೆ ಸ್ಕೂಟಿ ಓಡಿಸಿಕೊಂಡು ಮನೆಗೆ ಬರುತ್ತಿದ್ದಳು. ನಿಂತೇ ಬಾಳೆಹಣ್ಣು ತಿಂದು, ಮರಿಯನ್ನು ಹೊರಗೆ ತಿರುಗಿಸಿ, ಹೆಲ್ಮೆಟ್ ಕೂಡ ತೆಗೆಯದೆ ಮರಳಿ ಹೋಗುತ್ತಿದ್ದಳು. ಆಮೇಲೆ ಊರಲ್ಲಿ ಡೆಂಗಿ ಜ್ವರ ಹಬ್ಬಿತು. ಲ್ಯಾಬಿನ ಮುಂದೆ ಸಾಲು ಬೆಳೆಯಿತು. ಡಾಕ್ಟರು, ಮಧ್ಯಾಹ್ನ ಯಾರೂ ಜಾಗ ಬಿಟ್ಟು ಏಳಕೂಡದು ಎಂದರು. ಮರಿ ಇಡೀ ದಿನ ಒಳಗೆ ಒಂಟಿಯಾಗಿ ಬೀಗದ ಹಿಂದೆ ಉಳಿಯಿತು. ಅಂಗೈಯಗಲದ ಹೊಟ್ಟೆ ಅದರದು, ಎಷ್ಟು ಹೊತ್ತು ತಡೆದೀತು? ಮಧ್ಯಾಹ್ನ ಆಗುವುದೇ ತಡ, ಬಾಗಿಲಿಗೆ ಮೂತಿ ಇಟ್ಟು ಕುಂಯ್ಗುಡುತ್ತಿತ್ತು. ಬಾಗಿಲು ತೆರೆಯುತ್ತಿರಲಿಲ್ಲ. ಆಮೇಲೆ ಇದ್ದೇ ಇದ್ದೆನಲ್ಲ ನಾನು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವ ಅವಸರದಲ್ಲಿ ಸುಲೋಚನಾ ನನ್ನನ್ನು ಮುಂದಿನ ಬಾಲ್ಕನಿಯಲ್ಲಿ ಹಾಕಿ ಕೊಡಗಟ್ಟಲೆ ನೀರು ಸುರಿದು ತುಳಿದಳು. ಬಾಲ್ಕನಿಯ ನೀರು ಕೊಳವೆಯಿಂದ ಕೆಳಗಿನ ಅಂಗಳಕ್ಕೆ ಬೀಳುತ್ತದೆ. ಕೆಳಗಿನ ಅಂಗಳದಲ್ಲಿ ಏನಿದೆ? ಕಾಕುವಿನ ತುಳಸಿ ಕಟ್ಟೆ. ಅದರ ಮುಂದೆ ಯಾರು ನಿಂತಿದ್ದಾರೆ? ಮಡಿ ಸೀರೆ ಉಟ್ಟು, ಕಣ್ಣು ಮುಚ್ಚಿ, ಕೈ ಮುಗಿದುಕೊಂಡು ಕಾಕು. ನಾಯಿಯ ಉಚ್ಚೆ ಬೆರೆತ ಹಳದಿ ನೀರು ತುಳಸಿಗೂ ಬಿತ್ತು, ಕಾಕುವಿನ ನೆತ್ತಿಗೂ ಬಿತ್ತು.

ಕಾಕು ಚೀರಲಿಲ್ಲ. ಚೀರಿದ್ದರೆ ಚೆನ್ನಾಗಿತ್ತು. ಹಾಗೇ ತೊಯ್ದ ಸೀರೆಯಲ್ಲಿ ಮೆಟ್ಟಿಲು ಹತ್ತಿ ಬಂದು, ಹೊಸ್ತಿಲಾಚೆ ನಿಂತು ಹೇಳಿದರು. "ಸುಲೋಚನಾ, ಅಮಾಸಿ ತನಕ ಟೈಮ್ ಕೊಡ್ತೀನಿ. ಅಷ್ಟ್ರೊಳಗ ಈ ನಾಯಿಗೆ ಬುದ್ಧಿ ಕಲಸು. ಇಲ್ಲಂದ್ರ ನಾಯಿ ಹೋಗ್ಬೇಕು. ನಾಯಿ ಹೋಗೂದಿಲ್ಲಂದ್ರ ನೀ ಹೋಗ್ಬೇಕು. ಹಿತ್ತಲದಾಗ ಬೇಕಾದ್ದು ಮಾಡ್ಕೋ, ಮುಂದಿನ ಅಂಗಳಕ್ಕ ಕಾಲಿಡಬಾರದು."

"ತಪ್ಪಾತ್ರೀ ಕಾಕು" ಎಂದಳು ಸುಲೋಚನಾ. ಕಾಕು ಆಗಲೇ ಎರಡನೆಯ ಝಳಕಕ್ಕೆ ಇಳಿದು ಹೋಗಿದ್ದರು. ನನಗೆ ಒಳಗೊಳಗೇ ಸಂತೋಷವಾಯಿತು. ಅಂತೂ ಈ ಪೀಡೆ ತೊಲಗುವ ಹಾಗಾಯಿತು ಎಂದುಕೊಂಡೆ.

ಸುದ್ದಿ ಕೇಳಿ ಭಾನುವಾರ ಚನ್ನವೀರ ಬಂದ. ತಂಗಿಯ ಕಷ್ಟ ಕೇಳಿದರೆ ಅವನಿಗೆ ಎಲ್ಲಿಲ್ಲದ ಹುರುಪು ಬರುತ್ತದೆ. ಅಣ್ಣ ಬರುತ್ತಾನೆಂದು ಸುಲೋಚನಾ ನನ್ನನ್ನು ಮತ್ತೆ ತೊಳೆದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಣಹಾಕಿದ್ದಳು. ನನ್ನ ಒಂದು ಮೂಲೆ ನೆಲಕ್ಕೆ ಇಳಿಬಿದ್ದಿತ್ತು. ಅಣ್ಣ ತಂಗಿ ಅಲ್ಲೇ ನಿಂತರು.

"ಒಂದು ನಾಯಿಮರಿ ಹದಕ್ಕ ತರಾಕ ಆಗಲಿಲ್ಲ ನಿನಗ. ಒಬ್ಬಾಕಿನ ಇದ್ದು ಏನ್ ಸಾಧಸ್ತೀ ತಂಗಿ?" ಎಂದ ಅವನು. "ಮನಿಗೆ ನಡಿ. ನಿಮ್ಮ ವೈನಿಗೂ ಒಂದು ಕೈ ಆಸರಾ ಆಗತೈತಿ. ನಾಯೀನ ಹೊಲದಾಗ ಬಿಟ್ರ ತನ್ನ ಪಾಡಿಗೆ ತಾ ಇರತೈತಿ. ಹೆಣ್ಣು ನಾಯಿ ಯಾರ್ ಸಾಕ್ತಾರ?"

ವೈನಿಗೆ, ಅಂದರೆ ಅತ್ತಿಗೆಗೆ, ಆಸರೆ ಎಂದರೆ ಏನು ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಸಂಬಳವಿಲ್ಲದ ಆಳು ಬೇಕಿತ್ತು ಅವನಿಗೆ.

ಸುಲೋಚನಾ ತಲೆ ತಗ್ಗಿಸಿ ನಿಂತಿದ್ದಳು. "ಅಣ್ಣಾ, ಲ್ಯಾಬಿನ್ಯಾಗ ನನ್ನ ಮುಂದ ಕುಂದರೋ ಮಂದಿ ಎಲ್ಲಾ ತೋಳು ಚಾಚಿ, ಮಾರಿ ಆ ಕಡೆ ಹೊಳ್ಳಸ್ತಾರ. ನನ್ನ ನೋಡಿ ಖುಷಿ ಆಗೋ ಜೀವ ಅಂದ್ರ ಇದೊಂದ. ಇದನ್ನ ಹೊಲದಾಗ ಬಿಟ್ರ ನಾಕು ದಿನ ಬದುಕಂಗಿಲ್ಲ. ನಾ ಕಳಸಂಗಿಲ್ಲ" ಎಂದಳು.

ಅಷ್ಟರಲ್ಲಿ ಆ ಖುಷಿಯ ಜೀವ ಹಿತ್ತಲಿಡೀ ಓಡಾಡಿ, ಗಿಡ ಮೂಸಿ, ಮಣ್ಣು ಮೂಸಿ, ಎಲ್ಲ ಬಿಟ್ಟು ನೇರ ನನ್ನ ಹತ್ತಿರ ಬಂತು. ನೆಲಕ್ಕೆ ಇಳಿಬಿದ್ದಿದ್ದ ನನ್ನ ಮೂಲೆಯ ಮೇಲೆ ನಾಲ್ಕೂ ಕಾಲು ಇಟ್ಟುಕೊಂಡು ಕೂತು ಕೆಲಸ ಮುಗಿಸಿತು. ಚನ್ನವೀರ ಹೊಟ್ಟೆ ಹಿಡಿದುಕೊಂಡು ನಕ್ಕ. ನಗಲಿ, ಅವನ ಅವ್ವನ ಜಮಖಾನ.

ಸುಲೋಚನಾ ನಗಲಿಲ್ಲ. ನಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಇದು ತಪ್ಪು ಮಾಡಾಕ ಹತ್ತಿಲ್ಲ ಅಣ್ಣಾ" ಎಂದಳು. "ನಾನ ಕಲಿಸೇನಿ. ಜಮಖಾನ ಅಂದ್ರನ ಪಾಯಖಾನಿ ಅಂತ ತಿಳಕೊಂಡೈತಿ ಇದು. ಶಾಣ್ಯಾ ಐತಿ, ಹೇಳಿಕೊಟ್ಟಂಗ ಮಾಡತೈತಿ."

ಮೇಲೆ ಹೋಗಿ ಕತ್ತರಿ ತಂದಳು. ಬ್ಯಾಂಡೇಜ್ ಕತ್ತರಿಸುವ ದೊಡ್ಡ ಕತ್ತರಿ. ನನಗೆ ಆಗಲೂ ತಿಳಿಯಲಿಲ್ಲ ನೋಡಿ. ನವಲಗುಂದದ ಜಮಖಾನವನ್ನು ನಾಯಿಗಾಗಿ ಕತ್ತರಿಸುವವರು ಈ ಭೂಮಿಯ ಮೇಲೆ ಇದ್ದಾರೆ ಎಂದು ಯಾರಿಗೆ ಹೊಳೆದೀತು?

"ಏ, ಅವ್ವನ ಜಮಖಾನ ಅದು" ಎಂದ ಚನ್ನವೀರ, ನಗು ನಿಲ್ಲಿಸಿ.

"ನನ್ನ ಪಾಲಿಗೆ ಬಂದದ್ದು ಅದೊಂದ ಅಲ್ಲೇನು" ಎಂದಳು ಸುಲೋಚನಾ, ಮತ್ತು ಕತ್ತರಿ ಹಾಕಿದಳು.

ಸುಲಭವಾಗಿ ಬಿಟ್ಟುಕೊಡಲಿಲ್ಲ ನಾನು. ಬೆರಳು ಕೆಂಪಾಗಿ, ಕತ್ತರಿ ಬದಲಿಸಿ ಹಿಡಿದು, ಹಲ್ಲು ಕಚ್ಚಿ ಕತ್ತರಿಸಿದಳು. ಒಂದು ನವಿಲು, ಅದರ ಸುತ್ತಲಿನ ಕೆಂಪು ಅಂಚು ಸಮೇತ ಬೇರೆಯಾಯಿತು. ಆ ತುಂಡನ್ನು ಹಿತ್ತಲಿನ ತುದಿಯಲ್ಲಿ, ನುಗ್ಗೆ ಗಿಡದ ಬುಡಕ್ಕೆ ಹಾಸಿದಳು. ಉಳಿದ ನನ್ನನ್ನು ಮೇಲೆ ಮನೆಗೆ ಒಯ್ದಳು. ಎರಡು ತುಂಡಾದರೂ ನಾನು ಒಂದೇ. ಅಂದಿನಿಂದ ಎರಡೂ ಕಡೆಯದನ್ನು ಕಾಣುವ ಶಿಕ್ಷೆ ನನಗೆ. ಚನ್ನವೀರ ಊಟ ಮಾಡದೆ ಹೊರಟುಹೋದ. ಅಮಾವಾಸ್ಯೆಯ ದಿನ ಬಂದು ನಾಯಿಯನ್ನು ಒಯ್ಯುವುದಾಗಿ, ತಂಗಿಗೂ ಅಷ್ಟರೊಳಗೆ ಬುದ್ಧಿ ಬರಲಿ ಎಂದು ಹೇಳಿ ಹೋದ.

ಒಪ್ಪಬೇಕಾದ್ದನ್ನು ಒಪ್ಪುತ್ತೇನೆ. ಬೆಳಿಗ್ಗೆ ಸಂಜೆ ನಾಯಿ ಮೆಟ್ಟಿಲಿಳಿದು ನುಗ್ಗೆ ಗಿಡದ ಕಡೆಗೇ ಓಡತೊಡಗಿತು. ನವಿಲಿನ ಮೇಲೆ ಕೂತು ಕೆಲಸ ಮುಗಿಸಿ, ಏನೋ ಘನಕಾರ್ಯ ಮಾಡಿದ ಹಾಗೆ ಬಾಲ ಅಲ್ಲಾಡಿಸುತ್ತಿತ್ತು. ಆದರೆ ಮಧ್ಯಾಹ್ನ? ಮಧ್ಯಾಹ್ನ ಬಾಗಿಲಿಗೆ ಬೀಗ. ಕುಂಯ್ಗುಡುತ್ತಿತ್ತು, ಬಾಗಿಲು ಕೆರೆಯುತ್ತಿತ್ತು, ಕೊನೆಗೆ ಸೋತು ನನ್ನ ಬಳಿ ಬರುತ್ತಿತ್ತು. ಸಂಜೆ ಬಂದ ಸುಲೋಚನಾ ಒದ್ದೆಯಾದ ನನ್ನನ್ನು ನೋಡಿ ಗೋಡೆಗೆ ಒರಗಿ ಕೂರುತ್ತಿದ್ದಳು. ಕೆಲಸ ಬಿಡುವಂತಿಲ್ಲ, ಬಿಟ್ಟರೆ ಅಣ್ಣನ ಮನೆಯೇ ಗತಿ. ನಾಯಿಗೆ ಹೊಟ್ಟೆ ದೊಡ್ಡದು ಮಾಡುವಂತಿಲ್ಲ. ಲ್ಯಾಬಿನಲ್ಲಿ ಎಲ್ಲದಕ್ಕೂ ಉತ್ತರ ಕೊಡುವ ಯಂತ್ರಗಳಿದ್ದವು, ಇದಕ್ಕೆ ಇರಲಿಲ್ಲ.

ಅಮಾವಾಸ್ಯೆ ಬಂತು. ಬೆಳಿಗ್ಗೆ ಕೆಳಗೆ ಇಳಿದು ಸುಲೋಚನಾ ಹೇಳಿದಳು: "ಸಂಜೀಕ ಅಣ್ಣ ಬರ್ತಾನ್ರೀ ಕಾಕು. ಕೊಟ್ಟು ಕಳಸ್ತೀನಿ." ಕಾಕು, "ಛೊಲೋ ಆತು" ಎಂದರು. ಸುಲೋಚನಾ ಮೇಲೆ ಬಂದು ನಾಯಿಗೆ ಹಾಲು ಅನ್ನ ಕಲಸಿ ಹಾಕಿದಳು. ತಾನು ಏನೂ ತಿನ್ನದೆ, ನನ್ನ ಮೇಲೆ ಕೂತು ಅದರ ಕಿವಿ ನೇವರಿಸುತ್ತ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮುಖ ತೊಳೆದು ಕೆಲಸಕ್ಕೆ ಹೋದಳು. ನನಗೆ ಹಗುರಾಗಬೇಕಿತ್ತು. ಆಗಲಿಲ್ಲ, ಯಾಕೋ ತಿಳಿಯದು.

ಮಧ್ಯಾಹ್ನ ನಾಯಿ ರಾಗ ತೆಗೆಯಿತು. ಕೆಳಗೆ ಕಾಕುವಿನ ಅಮಾವಾಸ್ಯೆ ಪೂಜೆ ನಡೆದಿತ್ತು. ಗಂಟೆಯ ಸದ್ದು ಒಮ್ಮೆ ನಿಂತಿತು, ಮತ್ತೆ ಕೇಳಿತು, ಮತ್ತೆ ನಿಂತಿತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಬಾಗಿಲಲ್ಲೇ ಕೂಡಿಸಿದ ಆ ಬೀಗಕ್ಕೆ ಅವರ ಬಳಿ ಇನ್ನೊಂದು ಕೀಲಿಕೈ ಇತ್ತು. ಬಾಗಿಲು ತೆರೆಯಿತು. ಮಡಿ ಸೀರೆ, ಒಂದು ಕೈಯಲ್ಲಿ ಕೋಲು. "ಸಂಜಿ ತನಕ ಯಾರ್ ಕೇಳಬೇಕು ಇದನ್ನ? ನಡಿ ಹೊರಗ. ನಡಿ, ಬೀದಿ ನೋಡು" ಎಂದು ಕೋಲು ಎತ್ತಿದರು. ಗೇಟು ತೆರೆದಿಟ್ಟೇ ಬಂದಿದ್ದರು.

ನಾಯಿ ಅವರ ಕಾಲ ಸಂದಿಯಿಂದ ನುಸುಳಿ ಕೆಳಗೆ ಹಾರಿತು. ತೆರೆದ ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ. ಹಿತ್ತಲಿಗೆ ಓಡಿ, ನುಗ್ಗೆ ಗಿಡದ ಬುಡದ ನವಿಲಿನ ಮೇಲೆ ಕೂತು, ಬೆಳಗಿನಿಂದ ತಡೆದದ್ದನ್ನೆಲ್ಲ ಬಿಟ್ಟಿತು. ಬಹಳ ಹೊತ್ತು ಬಿಟ್ಟಿತು. ಆಮೇಲೆ ಮೆಟ್ಟಿಲು ಹತ್ತಿ, ಕೋಲು ಹಿಡಿದು ನಿಂತಿದ್ದ ಕಾಕುವನ್ನು ದಾಟಿ, ಒಳಗೆ ಬಂದು ನನ್ನ ಮೇಲೆ ಮಲಗಿಕೊಂಡಿತು. ತಾನಾಗಿಯೇ.

ಕಾಕು ಕೋಲು ಹಾಗೇ ಹಿಡಿದುಕೊಂಡು ನಿಂತರು. ನಾಯಿಯನ್ನು ನೋಡಿದರು, ಹಿತ್ತಲನ್ನು ನೋಡಿದರು. "ಮೂವತ್ತು ವರ್ಷ ಶಾಲಿ ನಡಸೀನಿ" ಎಂದು ಯಾರಿಗೋ ಹೇಳುವ ಹಾಗೆ ಹೇಳಿದರು, "ಹೋಗಿ ಬಾ ಅಂದ್ರ ಹೋಗಿ ಬಂದ ಹುಡಿಗೇರು ಎಷ್ಟ ಮಂದಿ?" ಬಾಗಿಲಿಗೆ ಬೀಗ ಹಾಕಿ ಇಳಿದುಹೋದರು. ಗೇಟು ಮುಚ್ಚಿದ ಸದ್ದು, ಮತ್ತೆ ಬಚ್ಚಲಲ್ಲಿ ನೀರಿನ ಸದ್ದು ಕೇಳಿತು.

ಸಂಜೆ ಚನ್ನವೀರ ಮೋಟರ್ ಸೈಕಲ್ಲಿನ ಮೇಲೆ ಗೋಣಿಚೀಲ ತೆಗೆದುಕೊಂಡು ಬಂದ. ಗೇಟಿನಲ್ಲಿ ಕಾಕು ನಿಂತಿದ್ದರು. ಆಗಷ್ಟೇ ಕೆಲಸದಿಂದ ಬಂದ ಸುಲೋಚನಾ ಮೆಟ್ಟಿಲ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತಿದ್ದಳು.

"ಅಮಾಸಿ ದಿವಸ ಮನಿಯಿಂದ ಜೀವ ಹೊರಗ ಹಾಕಬಾರದು" ಎಂದರು ಕಾಕು. "ನೀವು ಹೋಗ್ರಿ."

"ನಾಳೆ ಬರ್ಲೇನ್ರಿ ಹಂಗಾದ್ರ?"

"ನಾಳೆ ಪಾಡ್ಯ. ಪಾಡ್ಯಕ್ಕೂ ಹಾಕಬಾರದು."

ಅಂಥ ಶಾಸ್ತ್ರ ಯಾವ ಪಂಚಾಂಗದಲ್ಲೂ ಇಲ್ಲ. ಚನ್ನವೀರನಿಗೆ ಅದು ತಿಳಿಯದು, ಗೋಣಿಚೀಲ ಮಡಿಚಿಕೊಂಡು ಹೋದ. ಸುಲೋಚನಾ ಒಳಗೆ ಬಂದು ನನ್ನನ್ನು ಮುಟ್ಟಿ ನೋಡಿದಳು. ಒಣಗಿದ್ದೆ. ಮತ್ತೆ ಮತ್ತೆ ಮುಟ್ಟಿದಳು. ನಾಯಿಯನ್ನು ಎತ್ತಿ ಮುದ್ದಾಡಿ, "ಕಲತ್ಯಾ ಬಂಗಾರಾ, ಕಲತ್ಯಾ ನೀನು" ಎಂದು ಮತ್ತೆ ಅತ್ತಳು. ಅಳುವುದೊಂದು ಚೆನ್ನಾಗಿ ಬರುತ್ತದೆ ಅವಳಿಗೆ.

ಮರುದಿನ ಮಧ್ಯಾಹ್ನ ಕಾಕು ಮತ್ತೆ ಬಂದರು. ಕೋಲು ಇರಲಿಲ್ಲ. "ನಡಿ, ಲಗೂನ ಮುಗಿಸಿ ಬಾ, ನನಗ ಕೆಲಸ ಅವ" ಎಂದರು. ಅದು ಹೋಯಿತು, ಬಂತು. ಅದರ ಮರುದಿನವೂ ಬಂದರು. ಹೊಸ್ತಿಲು ದಾಟುತ್ತಿರಲಿಲ್ಲ, ಮುಟ್ಟುತ್ತಿರಲಿಲ್ಲ. ಆದರೂ ನಾಯಿಯ ಬಾಲ ಸೀರೆಗೆ ತಾಗಿತೆಂದು ಹೋಗಿ ಮತ್ತೆ ಝಳಕ ಮಾಡುತ್ತಿದ್ದರು. ದಿನಕ್ಕೆ ಎರಡೆರಡು ಝಳಕ ಎಷ್ಟು ದಿನ ನಡೆದೀತು? ಕಡೆಗೆ ಝಳಕವನ್ನೇ ಮಧ್ಯಾಹ್ನಕ್ಕೆ ತಳ್ಳಿದರು. ಮೊದಲು ನಾಯಿಯ ಕೆಲಸ, ಆಮೇಲೆ ಝಳಕ, ಆಮೇಲೆ ದೇವರ ಪೂಜೆ. ಜೀವಮಾನವಿಡೀ ಬೆಳಿಗ್ಗೆಯೇ ಝಳಕ ಮಾಡಿ ಪೂಜೆಗೆ ಕೂತ ಹೆಂಗಸು, ಒಂದು ಬೀದಿ ನಾಯಿಯ ಉಚ್ಚೆಗೋಸ್ಕರ ದೇವರನ್ನು ಕಾಯಿಸಿದರು. ನಾನು ಅಷ್ಟು ಗೌರವ ಇಟ್ಟಿದ್ದೆ ಈಕೆಯ ಮೇಲೆ. ಎಲ್ಲ ನೀರಿನಲ್ಲಿ ಹೋಮ.

ಇದೇನೂ ಗೊತ್ತಿಲ್ಲದ ಸುಲೋಚನಾ ಪಂಡಿತಳಾದಳು. ಫೋನಿನಲ್ಲಿ ಗೆಳತಿಯರಿಗೆ ಪಾಠ ಹೇಳುವುದೇ ಹೇಳುವುದು. "ನಮ್ಮ ಚಿಕ್ಕಿ ಮುಂಜಾನಿಂದ ಸಂಜಿ ತನಕ ತಡಕೋತಾಳ. ಸಹನಾ ಬೇಕವಾ, ಸಹನಾ. ದಿನಾ ಹೇಳಿಕೊಡಬೇಕು" ಎನ್ನುತ್ತಿದ್ದಳು. ಕೆಲಸಕ್ಕೆ ಹೋಗುವವರು ನಾಯಿ ಸಾಕುವುದು ಹೇಗೆ ಎಂದು ಲ್ಯಾಬಿಗೆ ಬಂದ ರೋಗಿಗಳಿಗೂ ಹೇಳುತ್ತಿದ್ದಳಂತೆ, ಸೂಜಿ ಚುಚ್ಚುತ್ತ. ನನಗೆ ಬಾಯಿ ಇದ್ದಿದ್ದರೆ ಅಂದೇ ಅವಳ ಪಾಂಡಿತ್ಯ ಬಯಲಾಗುತ್ತಿತ್ತು.

ನಾಯಿ ಬೆಳೆಯಿತು. ಕಾಲು ಉದ್ದವಾಯಿತು, ಕಿವಿ ನೆಟ್ಟಗಾಯಿತು. ಒಂದು ದಿನ ಸುಲೋಚನಾಳಿಗೆ ಜ್ವರ ಬಂದು ರಜೆ ಹಾಕಿ ಹೊದ್ದು ಮಲಗಿದ್ದಳು. ಕೆಳಗಿನವರಿಗೆ ಅದು ತಿಳಿಯದು. ಮಧ್ಯಾಹ್ನವಾಗುತ್ತಲೇ ಚಿಕ್ಕಿ ಎದ್ದು ಬಾಗಿಲ ಮುಂದೆ ಕೂತಿತು. ಸುಲೋಚನಾ ನೋಡುತ್ತಿದ್ದಂತೆ ಹೊರಗಿನಿಂದ ಕೀಲಿ ತಿರುಗಿ, ಬಾಗಿಲು ತೆರೆದು, ಕಾಕು, "ನಡಿಯವಾ ಮಹಾರಾಣಿ" ಎಂದರು. ನಾಯಿ ಇಳಿದು ಓಡಿತು. ಕಾಕು ತಲೆ ಎತ್ತಿದರೆ ಎದುರಿಗೆ ಸುಲೋಚನಾ.



"ನಿನ್ನ ನಾಯಿ ಒದರ್ಲಿಕ್ಹತ್ತಿತ್ತು" ಎಂದರು ಕಾಕು.

"ಅದು ಒದರಿಲ್ರೀ ಕಾಕು. ಸುಮ್ಮನ ಕುಂತಿತ್ತು, ನಿಮ್ಮ ಹಾದಿ ಕಾಯ್ಕೋಂತ."

ಕಾಕು ಸೆರಗು ಸರಿಮಾಡಿಕೊಂಡರು. "ಎಷ್ಟು ದಿವಸದಿಂದ್ರೀ?" ಎಂದು ಸುಲೋಚನಾ ಕೇಳಿದಳು.

"ಲೆಕ್ಕ ಇಟ್ಟಿಲ್ಲ ನಾನು. ಅದು ನಿನ್ನ ನಾಯಿ, ಲೆಕ್ಕ ನೀ ಇಡಬೇಕು" ಎಂದರು ಕಾಕು. "ಮತ್ತ ಆ ಫೋನಿನ್ಯಾಗ ಮಂದಿಗೆ ಪಾಠ ಹೇಳೂದು ಸ್ವಲ್ಪ ಕಮ್ಮಿ ಮಾಡು. ಕೆಳಗ ಎಲ್ಲಾ ಕೇಳಸ್ತದ." ಸುಲೋಚನಾ ಹಾಸಿಗೆಯ ಮೇಲೆ ಕುಸಿದು ಕೂತಳು. ನಕ್ಕಳೋ ಅತ್ತಳೋ ನನಗೆ ಕಾಣಲಿಲ್ಲ, ಚಾದರದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಹೋಗುವಾಗ ಕಾಕು ಹೊಸ್ತಿಲಾಚೆಯಿಂದಲೇ ಹೇಳಿದರು: "ಗಂಜಿ ಕಳಸ್ತೀನಿ. ಕುಡಿದು ಬಿದ್ಕೋ."

ಆಮೇಲೆ ಕದ್ದುಮುಚ್ಚಿ ಬರುವ ಅಗತ್ಯ ಇರಲಿಲ್ಲ. ಬೆಳಿಗ್ಗೆ ಸುಲೋಚನಾ ಕೆಲಸಕ್ಕೆ ಹೋಗುವಾಗ ನಾಯಿಯನ್ನು ಕೆಳಗೆ ಬಿಟ್ಟು ಹೋಗುವುದು ರೂಢಿಯಾಯಿತು. ಕಾಕುವಿನ ಪಡಸಾಲೆಯಲ್ಲಿ ಅದಕ್ಕೊಂದು ಜಾಗ ಬೇಕಾಯಿತು, ಅದು ಕೂತ ಜಾಗ ಅದರದ್ದು, ಕಾಕು ಕೂತ ಜಾಗ ಕಾಕುವಿನದ್ದು ಎಂದು ಬೇರೆಬೇರೆ ಇರಬೇಕಲ್ಲ. ಅದಕ್ಕೆ ನನ್ನನ್ನೇ ಕೆಳಗೆ ಒಯ್ದು ಗೋಡೆ ಬದಿಗೆ ಹಾಸಿದರು. ನುಗ್ಗೆ ಗಿಡದ ಬುಡದ ನವಿಲು ಮಳೆ ಬಿಸಿಲಿಗೆ ಕರಗಿ ಮಣ್ಣಾಯಿತು. ನಾಯಿಗೆ ಈಗ ಅದರ ಹಂಗಿಲ್ಲ, ಗಿಡದ ಬುಡವೇ ಸಾಕು.

ನನಗೂ ವಯಸ್ಸಾಯಿತು. ಬಣ್ಣ ಬಿಟ್ಟಿದೆ, ಕತ್ತರಿಸಿದ ಮೂಲೆಯಿಂದ ಎಳೆ ಬಿಚ್ಚುತ್ತ ಬಂದು ಈಗ ಅರ್ಧಕ್ಕೆ ಇಳಿದಿದ್ದೇನೆ. ಮೈತುಂಬ ನಾಯಿ ಕೂದಲು. ಮಗ್ಗದಿಂದ ಇಳಿದ ದಿನ ಯಾರಾದರೂ ನನಗೆ ಇದನ್ನು ಹೇಳಿದ್ದರೆ, ಬೆಂಕಿಗೆ ಹಾಕಿಬಿಡಿ ಎನ್ನುತ್ತಿದ್ದೆ. ಆದರೆ ಇಲ್ಲಿ ಬಿದ್ದು ಬಿದ್ದು ಒಂದು ಮಾತು ನನಗೆ ತಿಳಿದಿದೆ. ಬುದ್ಧಿ ಕಲಿತದ್ದು ಆ ನಾಯಿ ಎಂದು ಈ ಮನೆಯ ಎರಡೂ ಹೆಂಗಸರು ಇಂದಿಗೂ ನಂಬಿದ್ದಾರೆ. ನಾಯಿ ಮಾತ್ರ ಮೊದಲಿನಿಂದಲೂ ಹಾಗೆಯೇ ಇದೆ. ಬಾಗಿಲು ತೆರೆದರೆ ಹೊರಗೆ ಹೋಗುತ್ತದೆ, ತೆರೆಯದಿದ್ದರೆ ಎಲ್ಲಿಗೆ ಹೋದೀತು?

ಮೊನ್ನೆ ಸಂಜೆ ಸುಲೋಚನಾ ಕೆಲಸದಿಂದ ಬಂದಳು. ಗೋಡೆಗೆ ಒರಗಿ, ಕಾಲು ಚಾಚಿ, ಮೆಂತ್ಯ ಸೊಪ್ಪು ಬಿಡಿಸುತ್ತ ಕಾಕು ಕೂತಿದ್ದರು. ತಮ್ಮ ಮಣೆಯ ಮೇಲಲ್ಲ, ನನ್ನ ಮೇಲೆ. ಅವರ ತೊಡೆಗೆ ಬೆನ್ನು ಒತ್ತಿಕೊಂಡು ನಾಯಿ ಮಲಗಿತ್ತು. ಸುಲೋಚನಾ ಬಾಗಿಲಲ್ಲೇ ನಿಂತುಬಿಟ್ಟಳು.

"ಏನ್ ನೋಡ್ತೀ?" ಎಂದರು ಕಾಕು. "ಮಣಿ ಥಂಡಿ ಹೊಡೀತದ, ಮೊಣಕಾಲು ಹಿಡ್ಕೋತಾವ. ರಾತ್ರಿ ಊಟಕ್ಕ ಮುಂಚೆ ಝಳಕಾ ಮಾಡಿದ್ರ ಆತು."

"ನಾ ಏನೂ ಅನ್ನಲಿಲ್ರೀ ಕಾಕು. ನನಗೂ ಒಂಚೂರು ಜಾಗಾ ಕೊಡ್ರಿ, ಸೊಪ್ಪು ಬಿಡಸ್ತೀನಿ."

ಕಾಕು ನನ್ನನ್ನು ನೋಡಿದರು. ಉಳಿದದ್ದು ಇಷ್ಟೇ ಇಷ್ಟು. ತಾವು ಸರಿದರೆ ಗೋಡೆ, ಇತ್ತ ಸರಿದರೆ ನಾಯಿ. "ಕೂಡು, ಆದ್ರ ನಾಯೀನ ಎಬ್ಬಸಬ್ಯಾಡ" ಎಂದರು.

ಸುಲೋಚನಾ ಬರಿ ನೆಲದ ಮೇಲೆ ಕೂತಳು.